ಯೋಬನ ತಕರಾರು

ಹೊಸೂರು ರಸ್ತೆಯ ನಿಮ್ಹಾನ್ಸ್, ಕಿದ್ವಾಯಿಗಳಿಂದ ಹಿಡಿದು ಜಯನಗರ ಒಂಬತ್ತನೇ ಬ್ಲಾಕಿನ ಜಯದೇವದವರೆಗೆ ದಕ್ಷಿಣ ಬೆಂಗಳೂರಿನಲ್ಲಿ ದೊಡ್ಡಾಸ್ಪತ್ರೆಗಳದೇ ಒಂದು ಸಾಲು. ನಡುವೆ ಮಕ್ಕಳ ಆಸ್ಪತ್ರೆ, ಅಪಘಾತದ ಗಾಯಾಳುಗಳಿಗೆಂದೇ ಇರುವ ಸಂಜಯ್ ಗಾಂಧಿ ಆಸ್ಪತ್ರೆ. ದೂರದ ಊರುಗಳಿಂದ ಬಂದವರು ಚಾಪೆ, ಬುತ್ತಿ, ಎಕ್ಸ್‌ರೇ ಕವರು ಹಿಡಿದು ಆವರಣದಲ್ಲೇ ದಿನ ಕಳೆಯುತ್ತಾರೆ. "ನಾವು ಯಾರಿಗೆ ಏನು ಅನ್ಯಾಯ ಮಾಡಿದ್ವಿ ಅಂತ ದೇವರು ಹಿಂಗೆ ಮಾಡ್ದ?" ಎಂಬ ಮಾತು ಅಲ್ಲಿ ಹೊಸದಲ್ಲ. ನೋಡಲು ಬಂದ ನೆಂಟರ ಉತ್ತರವೂ ಹೊಸದಲ್ಲ: "ದೇವರು ಒಳ್ಳೆಯವರನ್ನೇ ಪರೀಕ್ಷೆ ಮಾಡೋದು", "ಎಲ್ಲಾ ಹಿಂದಿನ ಜನ್ಮದ್ದು."

ಈ ಪ್ರಶ್ನೆಯನ್ನೂ ಈ ಸಮಾಧಾನವನ್ನೂ ಎದುರುಬದುರು ಕೂರಿಸಿ ಬರೆದ ಮಹಾಕೃತಿಯೊಂದಿದೆ: ಬೈಬಲಿನ ಹಳೆಯ ಒಡಂಬಡಿಕೆಯ ಯೋಬನ ಗ್ರಂಥ. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ. ಅಂದಿನಿಂದ ಯೋಬ ಕನ್ನಡ ಮಾತಾಡುತ್ತಿದ್ದಾನೆ. ಆದರೂ ಚರ್ಚಿನ ಹೊರಗೆ ಅವನನ್ನು ಓದಿದವರು ಕಡಿಮೆ. ಕಾವ್ಯಪ್ರಿಯರಿಗೆ ಇದು ದೊಡ್ಡ ನಷ್ಟ.

ಕಥೆಯ ತಳಪಾಯ ನಮಗೆ ಪರಿಚಿತವೇ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಇಂದ್ರಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರ ನಡುವೆ ಪಂಥ ಹುಟ್ಟುತ್ತದೆ. ಅದರ ಬೆಲೆ ತೆರುವವನು ಭೂಮಿಯ ಮೇಲಿನ ಒಬ್ಬ ಸತ್ಯವಂತ. ಇಲ್ಲಿಯೂ ಹಾಗೆಯೇ. ಯೋಬನ ಭಕ್ತಿ ಬರೀ ಲಾಭದ ಭಕ್ತಿ, ಕೊಟ್ಟದ್ದನ್ನು ಕಿತ್ತುಕೊಂಡರೆ ಬಣ್ಣ ಬಯಲಾಗುತ್ತದೆ ಎಂದು ದೇವರ ಸಭೆಯಲ್ಲಿ ಸೈತಾನ ಕೆಣಕುತ್ತಾನೆ. ಒಂದೇ ದಿನದಲ್ಲಿ ಯೋಬನ ದನಕರು, ಆಳುಕಾಳು ಹೋಗುತ್ತವೆ, ಹತ್ತು ಮಕ್ಕಳೂ ಸಾಯುತ್ತಾರೆ. ಆಮೇಲೆ ಮೈತುಂಬ ಹುಣ್ಣು. ಬೂದಿಯಲ್ಲಿ ಕೂತು ಮಡಕೆಯ ಬೋಕಿಯಿಂದ ಮೈ ಕೆರೆದುಕೊಳ್ಳುತ್ತಾನೆ. ಇಷ್ಟನ್ನೂ ಕವಿ ಎರಡೇ ಅಧ್ಯಾಯಗಳ ಗದ್ಯದಲ್ಲಿ ಮುಗಿಸಿಬಿಡುತ್ತಾನೆ. ಅವನಿಗೆ ಬೇಕಾಗಿರುವುದು ದುಃಖದ ನಂತರದ ಮಾತು. ಮೂರನೆಯ ಅಧ್ಯಾಯದಲ್ಲಿ ಯೋಬ ತಾನು ಹುಟ್ಟಿದ ದಿನವನ್ನು ಶಪಿಸುವುದರೊಂದಿಗೆ ಕಾವ್ಯ ಶುರುವಾಗುತ್ತದೆ. ನಲವತ್ತೆರಡನೆಯ ಅಧ್ಯಾಯದವರೆಗೆ ನಿಲ್ಲುವುದಿಲ್ಲ.

ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ಯೋಬನ ಗುರುತೇ ಸಿಗದೆ ಅತ್ತು, ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಒಬ್ಬರೂ ಬಾಯಿ ಬಿಡುವುದಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ದೇವರ ವಕೀಲರಾಗಿಬಿಡುತ್ತಾರೆ. ದೇವರು ನ್ಯಾಯವಂತ, ನಿನಗೆ ಕಷ್ಟ ಬಂದಿದೆ, ಅಂದಮೇಲೆ ನೀನು ಪಾಪ ಮಾಡಿರಲೇಬೇಕು. ಮೊದಲ ಸುತ್ತಿನಲ್ಲಿ ಎಲೀಫಜನ ದನಿ ಎಷ್ಟು ಮೃದು! ಕೊನೆಯ ಸುತ್ತಿಗೆ ಅದೇ ಎಲೀಫಜ, ನೀನು ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದವನು ಎಂದು ಇಲ್ಲದ ಪಾಪಗಳನ್ನು ಪಟ್ಟಿ ಮಾಡುತ್ತಾನೆ. ತನ್ನ ಸಿದ್ಧಾಂತ ಉಳಿಯಬೇಕಾದರೆ ಗೆಳೆಯ ಕೆಟ್ಟವನಾಗಲೇಬೇಕು. ಸಾಂತ್ವನ ಹಂತಹಂತವಾಗಿ ಕ್ರೌರ್ಯವಾಗುವುದನ್ನು ಇಷ್ಟು ಸೂಕ್ಷ್ಮವಾಗಿ ಕಾಣಿಸಿದ ಬರಹ ನಾನು ಬೇರೆ ಓದಿಲ್ಲ.

ಯೋಬ ಜಗ್ಗುವುದಿಲ್ಲ. ದೇವರಿಲ್ಲ ಎನ್ನುವುದಿಲ್ಲ, ದೇವರು ಮಾಡಿದ್ದು ಸರಿ ಎಂದೂ ಒಪ್ಪುವುದಿಲ್ಲ. ನನಗೂ ಅವನಿಗೂ ನಡುವೆ ನಿಂತು ಇಬ್ಬರ ಮೇಲೂ ಕೈಯಿಟ್ಟು ನ್ಯಾಯ ಹೇಳುವ ಮಧ್ಯಸ್ಥ ಇಲ್ಲವಲ್ಲ ಎಂದು ಕೊರಗುತ್ತಾನೆ. ನಿಂದಾಸ್ತುತಿ ಹಾಡಿದ ದಾಸರ ನಾಡಿನವರಿಗೆ ಈ ಸಲುಗೆಯ ಸಿಟ್ಟು ಹೊರಗಿನದೆನಿಸದು.

ಕೊನೆಗೆ ಸುಂಟರಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಮೂವತ್ತೆಂಟರಿಂದ ನಲವತ್ತೊಂದರವರೆಗಿನ ಈ ನಾಲ್ಕು ಅಧ್ಯಾಯಗಳನ್ನು ನಿಧಾನವಾಗಿ, ಗಟ್ಟಿಯಾಗಿ ಓದಬೇಕು. ಕಾರಣ ಕೇಳಿದವನಿಗೆ ದೇವರು ಲೋಕವನ್ನೇ ತೋರಿಸುತ್ತಾ ಹೋಗುತ್ತಾನೆ. ಕಡಲಿಗೆ ಬಾಗಿಲು ಹಾಕಿದವರು ಯಾರು? ಹಿಮದ ಉಗ್ರಾಣವನ್ನು ನೋಡಿದ್ದೀಯಾ? ಮನುಷ್ಯರೇ ಇಲ್ಲದ ಕಾಡುಭೂಮಿಯ ಮೇಲೆ ಮಳೆ ಸುರಿಸುವವರು ಯಾರು? ಬೆಟ್ಟದ ಮೇಕೆ ಈಯುವ ಹೊತ್ತು ನಿನಗೆ ಗೊತ್ತೇ? ಉಷ್ಟ್ರಪಕ್ಷಿಯನ್ನು ನೋಡಿ: ಮರಳಲ್ಲಿ ಮೊಟ್ಟೆಯಿಟ್ಟು, ಯಾವುದೋ ಕಾಲು ತುಳಿದೀತೆಂಬ ಪರಿವೆಯೂ ಇಲ್ಲದ ಪೆದ್ದು ಹಕ್ಕಿ ಅದು, ಓಡತೊಡಗಿದರೆ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ. ಆ ಪೆದ್ದುತನವನ್ನೂ ಆ ಓಟವನ್ನೂ ದೇವರು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಸಿದ ಕಾಗೆಮರಿ ಕೂಗುವುದು ತನ್ನನ್ನೇ ಎನ್ನುತ್ತಾನೆ. ಇದು ಬಾಯಿ ಮುಚ್ಚಿಸುವ ಗದರಿಕೆ ಎಂದು ಓದಿದವರುಂಟು. ನನಗೆ ಇದರಲ್ಲಿ ಕೇಳುವುದು ತಾನು ಮಾಡಿದ್ದರ ಮೇಲಿನ ತೀರದ ಅಕ್ಕರೆ. ಯಾರ ಉಪಯೋಗಕ್ಕೂ ಬಾರದ ಮಳೆಗೂ ಅದರಲ್ಲಿ ಪಾಲಿದೆ.

ಪಂಥದ ಸಂಗತಿಯನ್ನು ಮಾತ್ರ ದೇವರು ಯೋಬನಿಗೆ ಹೇಳುವುದೇ ಇಲ್ಲ. ಓದುಗರಿಗೆ ಗೊತ್ತಿರುವುದು ನೊಂದವನಿಗೆ ಗೊತ್ತಾಗದೆಯೇ ಪುಸ್ತಕ ಮುಗಿಯುತ್ತದೆ. ತೀರ್ಪು ಮಾತ್ರ ಸ್ಪಷ್ಟ. ದೇವರಿಗೆ ಸಿಟ್ಟು ಬಂದದ್ದು ತನ್ನ ಪರ ವಾದಿಸಿದ ಮೂವರ ಮೇಲೆ. ಸರಿಯಾಗಿ ಮಾತಾಡಿದವನು ತಕರಾರು ತೆಗೆದ ಯೋಬ. ಅವನು ಪ್ರಾರ್ಥಿಸಿದರಷ್ಟೇ ಅವರಿಗೆ ಕ್ಷಮೆ.

ಕಳೆದುಕೊಂಡದ್ದೆಲ್ಲ ಯೋಬನಿಗೆ ಎರಡರಷ್ಟಾಗಿ ಮರಳುತ್ತದೆ. ಏಳು ಸಾವಿರ ಕುರಿ ಹದಿನಾಲ್ಕು ಸಾವಿರ, ಮೂರು ಸಾವಿರ ಒಂಟೆ ಆರು ಸಾವಿರ. ಮಕ್ಕಳು ಮಾತ್ರ ಮೊದಲಿನಷ್ಟೇ: ಏಳು ಗಂಡು, ಮೂರು ಹೆಣ್ಣು. ರಾಘವಾಂಕನಲ್ಲಿ ಸತ್ತ ಲೋಹಿತಾಶ್ವ ಎದ್ದು ಬರುತ್ತಾನೆ. ಇಲ್ಲಿ ಸತ್ತ ಹತ್ತು ಮಕ್ಕಳು ಬರುವುದಿಲ್ಲ. ಕುರಿಯ ಲೆಕ್ಕ ಕೊಟ್ಟ ಕವಿ ಈ ಕೊರತೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಕ್ರೈಸ್ತ ಚಿಂತಕರು ಇಂಥ ನೋವಿಗೆ ಕಾರಣ ಹುಡುಕದೆ ಬಿಟ್ಟಿಲ್ಲ. ಮನುಷ್ಯನಿಗೆ ಕೊಟ್ಟ ಸ್ವಾತಂತ್ರ್ಯದ ದುರ್ಬಳಕೆಯಿಂದ ಕೇಡು ಬಂತೆಂದು ಸಂತ ಅಗಸ್ಟಿನ್ ವಾದಿಸಿದರು. ಕಷ್ಟದಲ್ಲೇ ಆತ್ಮ ಮಾಗುತ್ತದೆ ಎಂದವರೂ ಇದ್ದಾರೆ. ಸಿ.ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯ ಮೇಲೆ ಅಚ್ಚುಕಟ್ಟಾದ ಪುಸ್ತಕ ಬರೆದರು. 1960ರಲ್ಲಿ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಾಗ ಬರೆದ ಪುಸ್ತಕದಲ್ಲಿ ಆ ಅಚ್ಚುಕಟ್ಟುತನ ಇಲ್ಲ. ಅವರೇ ಯೋಬನ ಹಾಗೆ ದೇವರ ಬಾಗಿಲು ಬಡಿಯುತ್ತಾರೆ. ನನಗೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ.

ಯೋಬ ಬಯಸಿದ ಮಧ್ಯಸ್ಥನನ್ನು ಕ್ರೈಸ್ತರು ಕ್ರಿಸ್ತನಲ್ಲಿ ಕಂಡರು. ಮತ್ತಾಯ, ಮಾರ್ಕರ ಸುವಾರ್ತೆಗಳ ಪ್ರಕಾರ ಶಿಲುಬೆಯ ಮೇಲಿಂದ ಅವನೂ ಕೇಳಿದ್ದು, ಯಾಕೆ ನನ್ನ ಕೈಬಿಟ್ಟೆ ಎಂಬ ಪ್ರಶ್ನೆಯನ್ನೇ. ಅವನಿಗೂ ಆ ಹೊತ್ತಿನಲ್ಲಿ ಉತ್ತರ ಬರಲಿಲ್ಲ. ಆ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈ. ಕರುಣರಸಕ್ಕೆ ಮತದ ಗಡಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರೀತಿಯ ದೇವರು ನೋವನ್ನು ಏಕೆ ಬಿಟ್ಟಿದ್ದಾನೆ ಎಂಬುದಕ್ಕೆ ಯೋಬನ ಗ್ರಂಥ ಕಾರಣ ಕೊಡುವುದಿಲ್ಲ. ಕಾರಣ ಕೇಳುವವನ ಪಕ್ಕ ದೇವರು ನಿಲ್ಲುತ್ತಾನೆ ಎನ್ನುತ್ತದೆ. ದೇವರನ್ನು ಸಮರ್ಥಿಸಲು ನೊಂದವರನ್ನು ತಪ್ಪಿತಸ್ಥರಾಗಿಸುವುದು ದೇವರಿಗೇ ಒಪ್ಪಿಗೆಯಿಲ್ಲ ಎನ್ನುತ್ತದೆ. ಕಿದ್ವಾಯಿಗೋ ಜಯದೇವಕ್ಕೋ ಯಾರನ್ನಾದರೂ ನೋಡಲು ಹೊರಡುವ ಮುನ್ನ ಈ ಪುಸ್ತಕವನ್ನೊಮ್ಮೆ ಓದಿ. ಹೋದಮೇಲೆ ಕರ್ಮದ ಮಾತು, ಪರೀಕ್ಷೆಯ ಮಾತು ಆಡಬೇಡಿ. ಅವರು ದೇವರನ್ನು ಬೈದರೆ ತಡೆಯಬೇಡಿ.