ಎರಡು ಚಕ್ರದ ಮೇಲಿನ ಹಾಡು

ಮೊನ್ನೆ ರಾತ್ರಿ ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್ ಮಲಗಿದ್ದಳೆಂದು ಎಂ.ಐ.ಎ.ಯ ‘ಬ್ಯಾಡ್ ಗರ್ಲ್ಸ್’ ವಿಡಿಯೊವನ್ನು ದನಿ ಇಲ್ಲದೆ ನೋಡಿದೆ. ಹತ್ತಾರು ಸಲ ನೋಡಿದ್ದೇ. ಮರುಭೂಮಿಯ ರಸ್ತೆ, ಒಂದು ಬದಿಯ ಎರಡೇ ಚಕ್ರಗಳ ಮೇಲೆ ವಾಲಿಕೊಂಡು ಓಡುವ ಕಾರು, ಮೇಲಕ್ಕೆದ್ದ ಬದಿಯಲ್ಲಿ ಕೂತು ಉಗುರು ತೀಡಿಕೊಳ್ಳುವ ಹಾಡುಗಾರ್ತಿ. ಹಾಡು ಇದ್ದಾಗ ಅದು ಠೀವಿ. ಹಾಡಿಲ್ಲದೆ ನೋಡಿದರೆ ಹೆದರಿಕೆಯಾಯಿತು. ಟೈರು ಜಾರಿದರೆ ಗತಿಯೇನು ಎಂಬ ಯೋಚನೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ರೊಮೇನ್ ಗವ್ರಾಸ್ ಇದನ್ನು ಚಿತ್ರೀಕರಿಸಿದ್ದು ಮೊರಾಕ್ಕೊದಲ್ಲಿ. ಹೊರಬಂದದ್ದು 2012ರ ಫೆಬ್ರವರಿಯಲ್ಲಿ. ಹಾಡುಗಾರ್ತಿ ಲಂಡನ್ನಿನ ತಮಿಳು ಹೆಣ್ಣುಮಗಳು, ಮಾತಂಗಿ ಅರುಳ್‌ಪ್ರಗಾಸಂ. (ಮುಂದಿನ ವರ್ಷ ಈ ಹಾಡು ಸೇರಿದ ಆಲ್ಬಮ್ಮಿನ ಹೆಸರೂ ‘ಮಾತಂಗಿ’ಯೇ. ಹಂಪಿಯ ಮಾತಂಗ ಬೆಟ್ಟ ಹತ್ತಿದವರಿಗೆ ಆ ಹೆಸರು ಅಪರಿಚಿತವೇನಲ್ಲ.) ಆದರೆ ಕಾರಿನ ಆಟಗಳ ಮೂಲ ಸೌದಿ ಅರೇಬಿಯಾದ್ದು. ಅಲ್ಲಿ ಅದಕ್ಕೆ ‘ತಫ್‌ಹೀತ್’ ಎನ್ನುತ್ತಾರೆ. ಕ್ಯಾಮ್ರಿಯಂಥ ಮನೆಮಂದಿಯ ಕಾರನ್ನು ಹೆದ್ದಾರಿಯಲ್ಲಿ ಭಯಂಕರ ವೇಗಕ್ಕೇರಿಸಿ, ಸ್ಟಿಯರಿಂಗ್ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು ಅಡ್ಡಡ್ಡ ಜಾರಿಸುವುದು. ಜನ ಸತ್ತಿದ್ದಾರೆ, ನೋಡಲು ನಿಂತವರೂ ಸೇರಿ. ಪ್ಯಾಸ್ಕಲ್ ಮೆನೊರೆ 2014ರ ‘ಜಾಯ್‌ರೈಡಿಂಗ್ ಇನ್ ರಿಯಾದ್’ ಪುಸ್ತಕದಲ್ಲಿ ಇದನ್ನು ಬರೀ ಪುಂಡಾಟವೆಂದು ತಳ್ಳಿಹಾಕುವುದಿಲ್ಲ. ಕಾರಿಗೆಂದೇ ಅಗಲಗೊಂಡ ನಗರ, ಅದರಲ್ಲಿ ಮಾಡಲು ಏನೂ ಇಲ್ಲದ ಹುಡುಗರು, ಅವರ ‘ತುಫುಶ್’ ಅಂದರೆ ಕೈಕಟ್ಟಿಹಾಕಿದಂಥ ಬೇಸರ: ಇವುಗಳಿಂದ ಅದನ್ನು ಓದುತ್ತಾರೆ. ಆ ಹುಡುಗರಿಗೆ ತಮ್ಮವೇ ಹಾಡು, ಕವಿತೆಗಳೂ ಇದ್ದವು.

ವಿಡಿಯೊದಲ್ಲಿ ಅವು ಕೇಳುವುದಿಲ್ಲ. ಟೈರಿನ ಕಿರುಚಾಟ ಬೀಟಿನ ಕೆಳಗೆ ಅಡಗಿದೆ. ಆ ಬೀಟು ವೇಗದ್ದಲ್ಲ, ತೂಗುವಂಥದ್ದು, ನಡಿಗೆಯದು. ಗವ್ರಾಸ್ ಚಿತ್ರಗಳನ್ನೂ ನಿಧಾನಗೊಳಿಸುತ್ತಾರೆ. ಸಾವಿನ ಅಂಚಿನ ಆಟ ಹೀಗೆ ಆರಾಮದ ಭಂಗಿಯಾಗುತ್ತದೆ. ಸಂಗೀತ ಇಲ್ಲಿ ಸ್ಟಂಟಿಗೆ ಹಿನ್ನೆಲೆಯಲ್ಲ. ಅದರ ಅಪಾಯವನ್ನು ನಮ್ಮ ಕಿವಿಯಿಂದ ಅಳಿಸುವ ಕೆಲಸ ಅದರದ್ದು.

ಸೌದಿ ಹೆಂಗಸರ ವಾಹನ ಚಾಲನೆಯ ಹಕ್ಕಿನ ಪರವಾದ ಹಾಡೆಂದು ಇದನ್ನು ಮೆಚ್ಚಿದವರು ಬಹಳ. ನಾನೂ ಮೆಚ್ಚಿದವಳೇ, ಎಂ.ಎ. ಸೆಮಿನಾರಿನಲ್ಲಿ ಹಾಗೆಯೇ ಮಂಡಿಸಿದ್ದೆ. ಈಗ ಆ ಓದು ಅವಸರದ್ದು ಅನ್ನಿಸುತ್ತದೆ. ವಿಡಿಯೊ ಹುಡುಗರ ಬಂಡಾಯವನ್ನು ಎತ್ತಿ ಹೆಂಗಸರ ಕೈಗಿಡುತ್ತದೆ, ಗಂಡಸರ ಗುಂಪೊಂದನ್ನು ನೋಡಲು ನಿಲ್ಲಿಸುತ್ತದೆ. ಆದರೆ ಹೆಂಗಸರು ಕೇಳಿದ್ದು ಅದನ್ನಲ್ಲವಲ್ಲ! ನಮ್ಮೂರು ಶಿರಸಿಯಲ್ಲಿ ಮೊದಲ ಸಲ ಸ್ಕೂಟಿ ಹಿಡಿದು ಪೇಟೆಗೆ ಹೋದ ದಿನ ನನಗಿದ್ದ ಆಸೆ ಒಂದೇ, ಅಂಗಡಿ ಕಟ್ಟೆಯ ಮೇಲಿನವರು ತಲೆ ಎತ್ತದಿರಲಿ ಎಂದು.

ಇನ್ನೊಂದು ವಿಡಿಯೊ ಇದೆ, 2011ರ ಮೇ ತಿಂಗಳದ್ದು. ಖೋಬರ್ ಪಟ್ಟಣದಲ್ಲಿ ಮನಾಲ್ ಅಲ್-ಶರೀಫ್ ಕಾರು ಓಡಿಸುತ್ತಿದ್ದಾರೆ, ವಜೀಹಾ ಅಲ್-ಹುವೈದರ್ ಪಕ್ಕದಲ್ಲಿ ಕೂತು ಚಿತ್ರೀಕರಿಸುತ್ತಿದ್ದಾರೆ. ಯಾವ ಸ್ಟಂಟೂ ಇಲ್ಲ. ಹೆಂಗಸರಿಗೆ ಡ್ರೈವಿಂಗ್ ಯಾಕೆ ಬೇಕೆಂದು ಮನಾಲ್ ಮಾತಾಡುತ್ತಾ ಹೋಗುತ್ತಾರೆ. ಅಷ್ಟಕ್ಕೇ ಜೈಲು, ಒಂಬತ್ತು ದಿನ. ನಿಷೇಧ ಹೋದದ್ದು 2018ರ ಜೂನ್ 24ಕ್ಕೆ. ಅದಕ್ಕೆ ಕೆಲವೇ ವಾರ ಮೊದಲು ಆ ಹಕ್ಕಿಗಾಗಿ ಹೋರಾಡಿದ ಲುಜೈನ್ ಅಲ್-ಹತ್‌ಲೂಲ್ ಮತ್ತಿತರರ ಬಂಧನವಾಗಿತ್ತು.

‘ಬ್ಯಾಡ್ ಗರ್ಲ್ಸ್’ ಕೆಟ್ಟ ಕೃತಿ ಎನ್ನಲಾರೆ. ಬೀಟು ಶುರುವಾದರೆ ನನ್ನ ಕಾಲು ಈಗಲೂ ತಾಳ ಹಾಕುತ್ತದೆ. ಬೆಳಗ್ಗೆ ರೂಮ್‌ಮೇಟ್ ಎದ್ದ ಮೇಲೆ ಇಬ್ಬರೂ ದನಿ ಹಾಕಿಕೊಂಡೇ ನೋಡಿದೆವು. ನಂತರ ಖೋಬರಿನ ವಿಡಿಯೊ ಹಾಕಿದೆ. ಸ್ವಲ್ಪ ಹೊತ್ತು ನೋಡಿ ಅವಳು ಕೇಳಿದಳು, “ಇದರಲ್ಲಿ ಏನೂ ಆಗೋದಿಲ್ವೇನೆ?”