ಮಾತಿನ ಹಿಂಸೆಯನ್ನು ಕೈಬಿಟ್ಟ ಕಾದಂಬರಿ

ಗಂಗಾವಳಿ ನದಿ ಕಡಲನ್ನು ಸೇರುವಲ್ಲಿ, ಬಡಗಣ ದಂಡೆಯ ಮೇಲೆ ಅಂಕೋಲಾ ತಾಲ್ಲೂಕಿನ ಮಂಜಗುಣಿ ಇದೆ. ತೆಂಕಣ ದಂಡೆಗೆ ದಾಟಿ ಮುಂದೆ ಸಾಗಿದರೆ ಯಶವಂತ ಚಿತ್ತಾಲರ ಹುಟ್ಟೂರಾದ ಹನೇಹಳ್ಳಿ. ಭಯ ಮತ್ತು ಸಂಶಯಗಳನ್ನು ಕಾದಂಬರಿ ಎಷ್ಟು ಆಳಕ್ಕೆ ಶೋಧಿಸಬಲ್ಲದೆಂದು ತಿಳಿಯಲು ಈ ಸೀಮೆಯವರು ಬೇರೆ ಅಳತೆಗೋಲನ್ನು ಅರಸಬೇಕಾಗಿಲ್ಲ. 1979ರಲ್ಲಿ ಪ್ರಕಟವಾದ ಚಿತ್ತಾಲರ 'ಶಿಕಾರಿ' ಇದೆ. ಅದನ್ನು ಓದಿದವರಿಗೆ, ಲಕ್ಷಾಂತರ ಓದುಗರನ್ನು ಗಳಿಸಿದ ಅಲೆಕ್ಸ್ ಮೈಕೆಲಿಡೀಸ್ ಅವರ ಇಂಗ್ಲಿಷ್ ಕಾದಂಬರಿ 'ದಿ ಸೈಲೆಂಟ್ ಪೇಷಂಟ್' (2019) ನಿರಾಶೆಯನ್ನೇ ಉಳಿಸುತ್ತದೆ.

ಕಥಾವಸ್ತು ಸಾಮಾನ್ಯವಾದುದಲ್ಲ. ಅಲಿಸಿಯಾ ಎಂಬ ಚಿತ್ರಕಲಾವಿದೆ ಪತಿ ಗೇಬ್ರಿಯಲ್‌ನ ಮುಖಕ್ಕೆ ಐದು ಗುಂಡು ಹಾರಿಸುತ್ತಾಳೆ. ಅನಂತರ ಒಂದು ಮಾತನ್ನೂ ಆಡುವುದಿಲ್ಲ. ಅಪರಾಧವೆಸಗಿದ ಮನೋರೋಗಿಗಳನ್ನಿರಿಸುವ ಲಂಡನ್ನಿನ ಆಸ್ಪತ್ರೆಯಲ್ಲಿ ಅವಳನ್ನು ಮಾತನಾಡಿಸಲು ಹೊರಡುವ ಚಿಕಿತ್ಸಕ ಥಿಯೊ ಫೇಬರ್‌ನೇ ಕಥೆಯ ನಿರೂಪಕ. ಅಧ್ಯಾಯಗಳು ಚಿಕ್ಕವು, ಓಟ ಚುರುಕಾದುದು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಗುಟ್ಟನ್ನು ಬಿಚ್ಚದೆ ದೋಷವನ್ನು ತೋರಿಸಲಾಗದು. ತನ್ನ ಹೆಂಡತಿ ಗೇಬ್ರಿಯಲ್‌ನ ಸಂಗ ಮಾಡಿದ್ದಾಳೆಂದು ಅರಿತ ಥಿಯೊನೇ ಕೊಲೆಯ ರಾತ್ರಿ ಆ ಮನೆಗೆ ನುಗ್ಗಿದವನು. ದಂಪತಿಗಳನ್ನು ಕಟ್ಟಿಹಾಕಿ, ಇಬ್ಬರಲ್ಲಿ ಯಾರು ಸಾಯಬೇಕೆಂದು ಗೇಬ್ರಿಯಲ್‌ನನ್ನು ಕೇಳಿದವನೂ ಅವನೇ. ಗೇಬ್ರಿಯಲ್ ತನ್ನ ಜೀವವನ್ನೇ ಆರಿಸಿಕೊಳ್ಳುತ್ತಾನೆ. ವರ್ಷಗಳ ಹಿಂದಿನ ಈ ದಾಂಪತ್ಯ ಕಲಹವನ್ನು ನಿರೂಪಕ ಈಗ ನಡೆಯುತ್ತಿರುವಂತೆ ಹೇಳುತ್ತ ಬರುತ್ತಾನೆ. ಓದುಗನು ಮೋಸಹೋಗುವುದು ಮನಸ್ಸಿನ ಗೂಢತೆಯಿಂದಲ್ಲ, ಪಂಚಾಂಗವನ್ನು ಹಿಂದುಮುಂದು ಮಾಡಿದ್ದರಿಂದ.

ಇದಕ್ಕಿಂತ ಹೆಚ್ಚಿನ ಬೇಸರಕ್ಕೆ ಕಾರಣವಾಗುವುದು ಕೈಗೆ ಸಿಕ್ಕಿದ್ದನ್ನು ಲೇಖಕರು ಬಿಟ್ಟುಕೊಟ್ಟ ಬಗೆ. ತಾಯಿ ಕಾರು ಅಪಘಾತದಲ್ಲಿ ಸತ್ತಾಗ, ಅವಳ ಬದಲು ಮಗಳು ಸಾಯಬಾರದಿತ್ತೇ ಎಂದು ತಂದೆ ಹಲುಬಿದ್ದನ್ನು ಬಾಲಕಿ ಅಲಿಸಿಯಾ ಕೇಳಿಸಿಕೊಂಡಿರುತ್ತಾಳೆ. ಗೇಬ್ರಿಯಲ್‌ನ ಉತ್ತರ ಅದೇ ಮಾತಿನ ಎರಡನೆಯ ಉಚ್ಚಾರ. ಗುಂಡು ಹಾರುವ ಮೊದಲೇ ಒಂದು ವಧೆ ಆಗಿಹೋಗಿದೆ, ಅದೂ ನಾಲಗೆಯಿಂದ. ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೇ ಜನ್ಮಜನ್ಮಾಂತರ ತಿರ್ಯಗ್ಯೋನಿಗಳಲ್ಲಿ ತೊಳಲಿದ ಯಶೋಧರನ ಕಥೆಯನ್ನು ಜನ್ನನಿಂದ (1209) ಕೇಳಿದವರಿಗೆ ಈ ಸೂಕ್ಷ್ಮವನ್ನು ವಿವರಿಸಬೇಕಾಗಿಲ್ಲ. ಜನ್ನನ ಕಥೆಯ ಅಂತ್ಯವನ್ನು ಬಲ್ಲವರೂ ಅದನ್ನು ಮತ್ತೆ ಮತ್ತೆ ಓದುತ್ತಾರೆ; ಅವನಿಗೆ ಗುಟ್ಟಿನ ಹಂಗಿಲ್ಲ. ಮೈಕೆಲಿಡೀಸರೂ ತಂದೆಯ ಮಾತನ್ನು ಗಂಡನ ಮಾತಿಗೆ ಜೋಡಿಸುತ್ತಾರೆ ನಿಜ, ಆದರೆ ಒಗಟಿಗೆ ಉತ್ತರ ಹೊಂದಿಸುವಷ್ಟಕ್ಕೆ ಮಾತ್ರ.

'ಶಿಕಾರಿ'ಯ ನಾಗಪ್ಪನನ್ನು ಮುಂಬಯಿಯ ಕಂಪನಿ ಏಕೆ ಕೆಲಸದಿಂದ ದೂರವಿರಿಸಿತೆಂಬುದು ಅವನಿಗೇ ತಿಳಿಯದು. ಅವನ ದಿಗಿಲು ಓದುಗನ ದಿಗಿಲೂ ಆಗುತ್ತದೆ. ಬೇಟೆಯಾಡುವವರು ಯಾರೆಂಬ ಶಂಕೆ ಹೊರಗೆ ಅಲೆದಾಡಿ ಅವನ ಅಂತರಂಗಕ್ಕೇ ಮರಳುತ್ತದೆ. ಥಿಯೊನಿಗಾದರೋ ಎಲ್ಲವೂ ಮೊದಲೇ ಗೊತ್ತು. ಗೊತ್ತಿದ್ದವನ ಆತ್ಮಪರೀಕ್ಷೆಗೆ ಇಲ್ಲಿ ಎಡೆಯೇ ಇಲ್ಲ.

ಕೊನೆಗೊಮ್ಮೆ ಅಲಿಸಿಯಾ ಬಾಯಿ ತೆರೆಯುತ್ತಾಳೆ. ಥಿಯೊ ಮಾರ್ಫೀನ್ ಚುಚ್ಚಿ ಅವಳ ಪ್ರಜ್ಞೆಯನ್ನೇ ಕಸಿಯುತ್ತಾನೆ. ಅವಳು ಬಚ್ಚಿಟ್ಟಿದ್ದ ದಿನಚರಿ ಪೊಲೀಸರ ಕೈಸೇರಿ ಅಪರಾಧಿ ಸಿಕ್ಕುತ್ತಾನೆ. ಅವಳು ಮಾತ್ರ ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಿಲ್ಲದೆ ಮಲಗಿರುತ್ತಾಳೆ.