ಮಂದ್ರದಲ್ಲಿ ಕುಳಿತ ಗುರುಗಳು

ಪಾಶ್ಚಾತ್ಯ ಸಂಗೀತದ ಮಾತು ಬಂದಾಗ ನಮ್ಮವರಲ್ಲಿ ಎರಡು ಬಗೆಯ ಮನೆಗಳುಂಟು. 'ಅದೆಲ್ಲ ಬರೀ ಗದ್ದಲ' ಎಂದು ಕಿಟಕಿ ಮುಚ್ಚುವ ಮನೆ ಒಂದು. ಮಕ್ಕಳು ಕೋಣೆಯೊಳಗೆ ಹಾಕಿಕೊಂಡ ಹಾಡನ್ನು ತಂದೆ ತಾಯಿ ಗೋಡೆಯಾಚೆಯಿಂದ ಕೇಳಿಸಿಕೊಳ್ಳುವ ಮನೆ ಇನ್ನೊಂದು. ಗೋಡೆಯಾಚೆ ಕೇಳಿಸುವುದಾದರೂ ಏನು? ಹಾಡಿನ ಮಾತು ಕೇಳಿಸದು, ಗಿಟಾರಿನ ಮೇಲುಸ್ವರ ಕೇಳಿಸದು. 'ದುಂ ದುಂ' ಎಂಬ ಮಂದ್ರನಾದವೊಂದು ಮಾತ್ರ ಇಟ್ಟಿಗೆ ಗಾರೆಗಳನ್ನು ದಾಟಿ ಬರುತ್ತದೆ. ತಾರಸ್ವರಗಳು ಗೋಡೆಗೆ ಬಡಿದು ಹಿಂದಿರುಗುತ್ತವೆ. ಮಂದ್ರದ ದೀರ್ಘ ತರಂಗಗಳು ಗೋಡೆಯನ್ನೇ ಅಲುಗಿಸಿಕೊಂಡು ಈಚೆ ಬರುತ್ತವೆ. ಯಾವ 'ದುಂ ದುಂ'ಗೆ ನಾವು ಹಣೆ ಗಂಟಿಕ್ಕುತ್ತೇವೋ ಅದನ್ನು ನುಡಿಸುವವನು ಬೇಸ್ ಗಿಟಾರಿನವನು. ಆ ಮೇಳದಲ್ಲಿ ಅತ್ಯಂತ ಹೆಚ್ಚು ಯೋಚನೆ ಮಾಡಿ ನುಡಿಸುವವನು ಅನೇಕ ವೇಳೆ ಅವನೇ ಆಗಿರುತ್ತಾನೆ ಎಂಬುದು ಈ ಲೇಖನದ ವಾದ.

ಬೇಸ್ ವಾದಕರ ವಿಷಯದಲ್ಲಿ ಒಂದು ವೈಚಿತ್ರ್ಯವಿದೆ. ಸಾಮಾನ್ಯ ಶ್ರೋತೃಗಳಿಗೆ ಗಾಯಕ ಗೊತ್ತು, ಗಿಟಾರಿನವನು ಗೊತ್ತು, ಹೆಚ್ಚೆಂದರೆ ಡ್ರಮ್ ಬಾರಿಸುವವನೂ ಗೊತ್ತು. ಬೇಸಿನವನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ 'ನೀವು ಯಾರಿಂದ ಕಲಿತಿರಿ?' ಎಂದು ಸಂಗೀತಗಾರರನ್ನೇ ಕೇಳಿ ನೋಡಿ. ಈ ಅಜ್ಞಾತರ ಹೆಸರುಗಳು ಭಕ್ತಿಯಿಂದ ಹೊರಬರುತ್ತವೆ. ಜನಕ್ಕೆ ಕಾಣದವರು ಜಾಣರಿಗೆ ಗುರುಗಳಾದದ್ದು ಹೇಗೆ?

ತಳದ ಸ್ವರದ ಅಧಿಕಾರ

ನಮ್ಮ ಸಂಗೀತದಲ್ಲಿ ಬೇಸ್ ಎಂಬ ಪ್ರತ್ಯೇಕ ಪಾತ್ರವಿಲ್ಲ. ತಂಬೂರಿ ಷಡ್ಜವನ್ನು ಹಿಡಿದು ಕುಳಿತಿರುತ್ತದೆ. ಷಡ್ಜ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಹಲವು ಸ್ವರಗಳು ಒಟ್ಟಿಗೆ ನುಡಿಯುತ್ತವೆ ಮತ್ತು ತಳದ ಸ್ವರ ಹೆಜ್ಜೆ ಹೆಜ್ಜೆಗೂ ಕದಲುತ್ತದೆ. ಅದು ಕದಲಿದಂತೆಲ್ಲ ಮೇಲಿನ ಸ್ವರಗಳ ಅರ್ಥವೇ ಬದಲಾಗುತ್ತದೆ. ಮೇಲೆ ಸ-ಗ ಎರಡೂ ಒಟ್ಟಿಗೆ ನುಡಿಯುತ್ತಿವೆ ಎನ್ನೋಣ. ಕೆಳಗೆ ಸ ನುಡಿಸಿದರೆ ಬೆಳಕಿನ ಭಾವ. ಅದೇ ಸ-ಗಗಳ ಕೆಳಗೆ ಮಂದ್ರದ ಧ ನುಡಿಸಿದರೆ ವಿಷಾದದ ನೆರಳು. ಗ್ರಹಭೇದ ಬಲ್ಲ ನಮ್ಮವರಿಗೆ ಇದು ಹೊಸತಲ್ಲ. ಮೋಹನದ ರಿಷಭವನ್ನೇ ಷಡ್ಜವೆಂದು ಭಾವಿಸಿದರೆ ಮಧ್ಯಮಾವತಿ, ಗಾಂಧಾರವನ್ನು ಭಾವಿಸಿದರೆ ಹಿಂದೋಳ. ಅಂಥದೇ ಒಂದು ಪುಟ್ಟ ಗ್ರಹಭೇದವನ್ನು ಬೇಸಿನವನು ಆವರ್ತಕ್ಕೊಮ್ಮೆ ಸದ್ದಿಲ್ಲದೆ ಮಾಡುತ್ತಿರುತ್ತಾನೆ. ಅದರ ಜೊತೆಗೆ ಲಯದ ಹೊರೆಯೂ ಅವನದೇ. ಮೃದಂಗದ ಎಡಭಾಗ ಮತ್ತು ತಂಬೂರಿ, ಎರಡರ ಕೆಲಸವನ್ನೂ ಒಬ್ಬನಿಗೇ ವಹಿಸಿದರೆ ಹೇಗೋ ಹಾಗೆ.

ಬಹುಕಾಲ ಈ ಕೆಲಸ ಆಳೆತ್ತರದ ಡಬಲ್ ಬೇಸ್ ವಾದ್ಯದ್ದಾಗಿತ್ತು. 1939ರಲ್ಲಿ ಡ್ಯೂಕ್ ಎಲಿಂಗ್ಟನ್ನರ ಜಾಝ್ ಮೇಳ ಸೇರಿದ ಜಿಮ್ಮಿ ಬ್ಲಾಂಟನ್ ಎಂಬ ತರುಣ, ಬರಿಯ ತಾಳದ ಪೆಟ್ಟು ಹಾಕುತ್ತಿದ್ದ ಆ ವಾದ್ಯದಿಂದ ರಾಗವನ್ನೂ ಹೊರಡಿಸಬಹುದೆಂದು ತೋರಿಸಿಕೊಟ್ಟ. 1942ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ ವಯಸ್ಸು 23. ಆಮೇಲೆ 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಹೊರತಂದ ವಿದ್ಯುತ್ ಬೇಸ್ ಗಿಟಾರು ಬಂತು. ವೀಣೆಯಂತೆ ಮೆಟ್ಟುಗಳಿದ್ದು ಸ್ವರಸ್ಥಾನ ಕರಾರುವಾಕ್ಕಾಗಿ ಸಿಗುತ್ತಿದ್ದುದರಿಂದ ಅದಕ್ಕೆ 'ಪ್ರೆಸಿಷನ್' ಎಂದು ಹೆಸರು. ಅದರ ತೀರ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ; ಸಾಮಾನ್ಯ ಗಿಟಾರಿನ ಮಂದ್ರದ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ.

ನೆಲಮಾಳಿಗೆಯ ಮನುಷ್ಯ

ಈ ವಾದ್ಯಕ್ಕೆ ಭಾಷೆ ಕೊಟ್ಟವರು ಜೇಮ್ಸ್ ಜೇಮರ್ಸನ್. ದಕ್ಷಿಣ ಕೆರೊಲಿನಾದಲ್ಲಿ 1936ರಲ್ಲಿ ಹುಟ್ಟಿ, 1954ರಲ್ಲಿ ಹೊಟ್ಟೆಪಾಡಿನ ಊರಾದ ಡೆಟ್ರಾಯಿಟಿಗೆ ವಲಸೆ ಬಂದ ಕರಿಯ ಜನರ ಮನೆಯ ಹುಡುಗ. ಶಾಲೆಯಲ್ಲಿ ಡಬಲ್ ಬೇಸ್ ಕಲಿತರು. 1959ರ ಸುಮಾರಿಗೆ ಮೋಟೌನ್ ಎಂಬ ಧ್ವನಿಮುದ್ರಿಕೆ ಕಂಪನಿಯಲ್ಲಿ ನುಡಿಸಲಾರಂಭಿಸಿದರು. ಆ ಕಂಪನಿಯ ಸ್ಟುಡಿಯೋ ಒಂದು ಸಾಧಾರಣ ಮನೆ. ವಾದ್ಯಗಾರರು ತಮ್ಮ ಕೋಣೆಯನ್ನು 'ಹಾವಿನ ಗುಂಡಿ' ಎಂದೇ ಕರೆಯುತ್ತಿದ್ದರು. 'ಫಂಕ್ ಬ್ರದರ್ಸ್' ಎಂಬ ಅಡ್ಡಹೆಸರಿನ ಆ ಖಾಯಂ ವಾದ್ಯವೃಂದ ಸ್ಟೀವಿ ವಂಡರ್, ಮಾರ್ವಿನ್ ಗೇ, ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಸುಪ್ರೀಮ್ಸ್ ಮುಂತಾದವರೆಲ್ಲರ ಹಿಂದೆ ನುಡಿಸಿತು. ಗಾಯಕರ ಭಾವಚಿತ್ರ ಮನೆಮನೆಗೂ ತಲುಪಿತು. ವಾದ್ಯಗಾರರ ಹೆಸರು ಹೊದಿಕೆಯ ಹಿಂಭಾಗಕ್ಕೂ ಬರಲಿಲ್ಲ. ಸರ್ಕಾರಿ ಕಡತ ಬಲ್ಲವರಿಗೆ ಇದು ಪರಿಚಿತವೇ: ಟಿಪ್ಪಣಿ ಕೆಳಗಿನವನದು, ಸಹಿ ಮೇಲಿನವರದು.

ಜೇಮರ್ಸನ್ನರ ಕ್ರಮವೇ ಬೇರೆ. ಬಲಗೈಯ ತೋರುಬೆರಳು ಒಂದರಿಂದಲೇ ತಂತಿ ಮೀಟುತ್ತಿದ್ದರು. ತಂತಿಗಳನ್ನು ಬದಲಾಯಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಹಳೆಯ ತಂತಿಯ ಮಬ್ಬು ನಾದವೇ ಅವರಿಗೆ ಪ್ರಿಯ. ತಂತಿಗಳ ಎತ್ತರವೂ ಹೆಚ್ಚು, ಬೇರೆಯವರು ಒತ್ತಿ ನುಡಿಸಲು ಕಷ್ಟಪಡಬೇಕು. ಸಲಕರಣೆಯ ಮಟ್ಟಿಗೆ ಎಲ್ಲವೂ ತೊಡಕಿನದೇ. ಆದರೆ ಕೇಳಿದರೆ ಒಂದು ಸ್ವರವೂ ತೊಡರಿದಂತೆ ಅನ್ನಿಸದು.

1964ರ 'ಮೈ ಗರ್ಲ್' ಕೇಳಿ. ಮೊದಲು ನುಡಿಯುವುದು ಬೇಸ್ ಒಂದೇ: ಷಡ್ಜ, ಕೆಳಗಿನ ಪಂಚಮ, ಮತ್ತೆ ಷಡ್ಜ, ಅಷ್ಟೇ. ಅದರ ಮೇಲೆ ರಾಬರ್ಟ್ ವೈಟರ ಗಿಟಾರು ಮೆಲ್ಲನೆ ಏರುತ್ತದೆ: ಸ ರಿ ಗ ಪ ಧ ಸ. ನಮ್ಮ ಮೋಹನದ ಆರೋಹಣವಲ್ಲವೇ! ಗಿಟಾರಿನ ಏರಿಕೆಯನ್ನು ಕೇಳಿದವರೆಲ್ಲ ಗುನುಗುತ್ತಾರೆ. ಬೇಸಿನ ಆ ಎರಡೇ ಸ್ವರಗಳನ್ನು ಯಾರೂ ಗುನುಗುವುದಿಲ್ಲ. ಆದರೆ ಅದನ್ನು ತೆಗೆದುಬಿಟ್ಟರೆ ಏರಲು ನೆಲವೇ ಇರುವುದಿಲ್ಲ. ಇಲ್ಲಿ ಜೇಮರ್ಸನ್ನರ ಗುಣ ಸಂಯಮ.

ಮೂರು ವರ್ಷ ಬಿಟ್ಟು 1967ರ 'ಬರ್ನಡೆಟ್' ಕೇಳಿದರೆ ಇವನೇ ಅವನೇ ಎಂದು ಸಂಶಯ ಬರುತ್ತದೆ. ತಾಳದ ನಡುವಿನ ಸಂದುಗಳಲ್ಲಿ ನುಸುಳಿ, ಇಲ್ಲಿ ಬರಬೇಕೆಂದಾಗ ಅಲ್ಲಿ ಬಂದು, ಗಾಯಕನ ಅಳಲಿಗೆ ಮಾರುತ್ತರ ಕೊಡುತ್ತ ಬೇಸ್ ಓಡುತ್ತದೆ. 1968ರ 'ಫಾರ್ ಒನ್ಸ್ ಇನ್ ಮೈ ಲೈಫ್'ನಲ್ಲಂತೂ ಪಕ್ಕಪಕ್ಕದ ಸ್ವರಗಳ ಮೇಲೆ ಅರ್ಧರ್ಧ ಹೆಜ್ಜೆಯಿಟ್ಟು ಏರಿಳಿಯುತ್ತ, ಕಲ್ಪನಾಸ್ವರ ಹಾಕುವ ವಿದ್ವಾಂಸರಂತೆ ಬೇಸ್ ಪ್ರತಿ ಬಾರಿಯೂ ಹೊಸ ದಾರಿ ಹಿಡಿಯುತ್ತದೆ. ಆದರೂ ಗಾಯಕನ ದಾರಿಗೆ ಒಮ್ಮೆಯೂ ಅಡ್ಡ ಬರುವುದಿಲ್ಲ. ಒಳ್ಳೆಯ ಪಕ್ಕವಾದ್ಯದ ಲಕ್ಷಣ ಇದಕ್ಕಿಂತ ಬೇರೆ ಏನು?

1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಹೊದಿಕೆಯ ಮೇಲೆ ಕೊನೆಗೂ ವಾದ್ಯಗಾರರ ಹೆಸರುಗಳು ಅಚ್ಚಾದವು. ಶೀರ್ಷಿಕೆ ಗೀತೆಯನ್ನು ನುಡಿಸುವಾಗ ಜೇಮರ್ಸನ್ ಕುಡಿದು ಕೂರಲಾಗದೆ ನೆಲದ ಮೇಲೆ ಮಲಗಿಕೊಂಡೇ ನುಡಿಸಿದರು ಎಂಬ ಕಥೆಯೊಂದು ಪ್ರಚಾರದಲ್ಲಿದೆ. ಅಭಿಮಾನಿಗಳಿಗೆ ಈ ಕಥೆ ಬಹಳ ಇಷ್ಟ. ನನಗೆ ಇದು ಅನ್ಯಾಯವಾಗಿ ತೋರುತ್ತದೆ. ಆ ಬೇಸಿನಲ್ಲಿ ಕೇಳಿಸುವುದು ಹನ್ನೆರಡು ವರ್ಷಗಳ ನಿತ್ಯದ ದುಡಿಮೆ. ಕುಡಿತ ಅವರಿಗೆ ಕೊಟ್ಟದ್ದು ಸಾವನ್ನು. ಕಲಾವಿದನ ವ್ಯಸನವನ್ನು ಅವನ ಕಲೆಯ ಲೆಕ್ಕಕ್ಕೆ ಜಮೆ ಮಾಡುವ ಚಾಳಿ ನಮ್ಮಲ್ಲೂ ಇಲ್ಲದಿಲ್ಲ.

1972ರಲ್ಲಿ ಕಂಪನಿ ಲಾಸ್ ಏಂಜಲಿಸಿಗೆ ಹೊರಟುಹೋಯಿತು. ಜೇಮರ್ಸನ್ನರೂ ಹಿಂದೆಯೇ ಹೋದರು. ಅಲ್ಲಿ ನೆಲೆ ಸಿಕ್ಕಲಿಲ್ಲ. 1983ರಲ್ಲಿ ಮೋಟೌನಿನ 25ನೆಯ ವರ್ಷದ ಸಂಭ್ರಮ ಟೆಲಿವಿಷನ್ನಿಗಾಗಿ ನಡೆಯಿತು. ಮೈಕೆಲ್ ಜಾಕ್ಸನ್ ಹಿಮ್ಮುಖವಾಗಿ ಜಾರುವ ನಡಿಗೆ ತೋರಿಸಿದ ಸಂಜೆ ಅದು, ಅದನ್ನು ಲೋಕವೇ ಬಲ್ಲದು. ಆ ಸಂಭ್ರಮಕ್ಕೆ ಜೇಮರ್ಸನ್ನರಿಗೆ ಆಹ್ವಾನವಿರಲಿಲ್ಲ. ಕೈಯಿಂದ ದುಡ್ಡು ಕೊಟ್ಟು ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದರು. ಅದೇ ವರ್ಷ ಆಗಸ್ಟ್ 2ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರೇರಣೆ ಬೇರೆ, ಅನುಕರಣೆ ಬೇರೆ

ಹೆಸರಿಲ್ಲದ ಈ ಮನುಷ್ಯನನ್ನು ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಒಬ್ಬರು ಕಿವಿಗೊಟ್ಟು ಕೇಳುತ್ತಿದ್ದರು. ಅವರು ಬೀಟಲ್ಸ್ ಮೇಳದ ಪಾಲ್ ಮ್ಯಾಕಾರ್ಟ್ನಿ. ಮೇಳದ ಬೇಸಿನವನು 1961ರಲ್ಲಿ ಬಿಟ್ಟುಹೋದದ್ದರಿಂದ ಆ ವಾದ್ಯ ಅವರ ಕೊರಳಿಗೆ ಬಿದ್ದಿತ್ತು. ಜೇಮರ್ಸನ್ನರ ಋಣವನ್ನು ಮ್ಯಾಕಾರ್ಟ್ನಿ ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾರೆ. ಬೀಚ್ ಬಾಯ್ಸ್ ಮೇಳದ 'ಪೆಟ್ ಸೌಂಡ್ಸ್' (1966) ತಮ್ಮ ಮೇಲೆ ಮಾಡಿದ ಪ್ರಭಾವವನ್ನೂ ಹೇಳಿದ್ದಾರೆ. ಆ ಮುದ್ರಿಕೆಯಲ್ಲಿ ಬೇಸ್ ನುಡಿಸಿದವರಲ್ಲಿ ಮುಖ್ಯರಾದವರು ಕೆರೋಲ್ ಕೇ ಎಂಬ ಮಹಿಳೆ. ಮ್ಯಾಕಾರ್ಟ್ನಿ ಇವರಿಂದ ತಂತ್ರವನ್ನು ಎರವಲು ತರಲಿಲ್ಲ. ಬೇಸ್ ಕೂಡ ಹಾಡಬಹುದೆಂಬ ಧೈರ್ಯವನ್ನು ಪಡೆದುಕೊಂಡರು. 1967ರ 'ಸಾರ್ಜೆಂಟ್ ಪೆಪ್ಪರ್' ಕಾಲಕ್ಕೆ ಉಳಿದೆಲ್ಲ ಧ್ವನಿಮುದ್ರಣ ಮುಗಿದ ಮೇಲೆ ಕೊನೆಯಲ್ಲಿ ಬೇಸ್ ಸೇರಿಸುವ ಪದ್ಧತಿಯನ್ನು ಬೆಳೆಸಿಕೊಂಡರು. ಹಾಡು ಏನು ಹೇಳುತ್ತಿದೆ ಎಂದು ಪೂರ್ತಿ ಕೇಳಿಕೊಂಡು ಆಮೇಲೆ ಮಾತಾಡುವುದು! ಅಲ್ಲಿ ಕೇಳಿಸುವುದು ಅಪ್ಪಟ ಮ್ಯಾಕಾರ್ಟ್ನಿ, ಜೇಮರ್ಸನ್ನರ ನೆರಳಲ್ಲ. ಇದನ್ನು ನಾನು ಪ್ರೇರಣೆ ಎನ್ನುತ್ತೇನೆ.

ಇದಕ್ಕೆ ಎದುರಾಗಿ ಜಾಕೊ ಪಾಸ್ಟೋರಿಯಸ್ (1951-1987) ಅವರನ್ನು ನಿಲ್ಲಿಸಬಹುದು. ಬೇಸಿನ ಮೆಟ್ಟುಗಳನ್ನೇ ಕಿತ್ತುಹಾಕಿ, ನಮ್ಮ ಗೋಟುವಾದ್ಯದಂತೆ ಸ್ವರದಿಂದ ಸ್ವರಕ್ಕೆ ಜಾರುವ ನಾದವನ್ನು ಅವರು ಸಾಧಿಸಿದರು. 1976ರ ಅವರ ಮೊದಲ ಮುದ್ರಿಕೆಯಲ್ಲಿ 'ಪೋರ್ಟ್ರೇಟ್ ಆಫ್ ಟ್ರೇಸಿ' ಎಂಬ ಕೃತಿಯಿದೆ. ತಂತಿಯನ್ನು ಒತ್ತದೆ, ಬೆರಳಿನಿಂದ ಹಗುರಾಗಿ ಸೋಕಿ ಹೊರಡಿಸುವ ಗಂಟೆಯಂಥ ಅನುಸ್ವರಗಳೇ ಅದರ ಜೀವಾಳ. ಬೇಸಿನಿಂದ ಇಷ್ಟು ಕೋಮಲ ನಾದ ಬಂದೀತೆಂದು ಹಿಂದೆ ಯಾರೂ ಎಣಿಸಿರಲಿಲ್ಲ. ಜಾಕೊ ಪ್ರತಿಭಾವಂತರೆಂಬುದು ನಿರ್ವಿವಾದ. ಆದರೆ ಅವರ ಹಿಂದೆ ಬಂದವರಲ್ಲಿ ಬಹುಮಂದಿ ಹಿಡಿದದ್ದು ವೇಗವನ್ನು. ಬೇಸನ್ನು ಮುಂದಕ್ಕೆ ತಂದವರು ಹಿಂದೆ ನಿಲ್ಲುವ ವಿದ್ಯೆಯನ್ನು ಮರೆತರು. ಜಾಕೊ ತಾವೇ ಹಾಗಿರಲಿಲ್ಲ: ಅದೇ 1976ರಲ್ಲಿ ಜೋನಿ ಮಿಚೆಲ್ ಅವರ 'ಹೆಜಿರಾ'ದಲ್ಲಿ ಅವರು ನುಡಿಸಿದ್ದನ್ನು ಕೇಳಿದರೆ, ಗಾಯಕಿಯ ಉಸಿರಿಗೆ ಕಿವಿಗೊಟ್ಟ ಸಾಥಿ ಕಾಣಿಸುತ್ತಾರೆ. ಗುರುವಿನ ಬೆರಳನ್ನು ನೋಡಿದ ಶಿಷ್ಯರು ಗುರುವಿನ ಕಿವಿಯನ್ನು ನೋಡಲಿಲ್ಲ.

ಇದನ್ನು ಅರಿತವರೂ ಇದ್ದಾರೆ. ವೇಲ್ಸಿನ ಪಿನೋ ಪಲ್ಲಡಿನೊ 1980ರ ದಶಕದಲ್ಲಿ ಮೆಟ್ಟಿಲ್ಲದ ಬೇಸಿನಿಂದಲೇ ಹೆಸರಾದವರು. 2000ದಲ್ಲಿ ಡಿ'ಆಂಜೆಲೊ ಅವರ 'ವೂಡೂ' ಮುದ್ರಿಕೆಯಲ್ಲಿ ಅವರು ಮತ್ತೆ ಆ ಹಳೆಯ ಮಬ್ಬುನಾದಕ್ಕೆ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿಯುವ ನಿಧಾನಕ್ಕೆ ಮರಳಿದ್ದಾರೆ.

ನಮ್ಮ ಕಿವಿ, ನಮ್ಮ ವೇದಿಕೆ

ಹಾಗಾದರೆ ನಾವು ಈ ಬೇಸನ್ನು ಕೇಳಿಯೇ ಇಲ್ಲವೇ? ಧಾರಾಳವಾಗಿ ಕೇಳಿದ್ದೇವೆ. ಮುಂಬಯಿಯಲ್ಲಿ ಆರ್. ಡಿ. ಬರ್ಮನ್ನರ ವಾದ್ಯವೃಂದದಲ್ಲಿ ಟೋನಿ ವಾಜ್ ಬೇಸ್ ನುಡಿಸುತ್ತಿದ್ದರು. ಚೆನ್ನೈಯಲ್ಲಿ ಇಳಯರಾಜಾ ಅವರು ಬೇಸಿಗೆ ಕೊಟ್ಟ ಗೌರವವನ್ನು ಭಾರತೀಯ ಚಿತ್ರಸಂಗೀತದಲ್ಲಿ ಮತ್ತೊಬ್ಬರು ಕೊಟ್ಟದ್ದು ಅಪರೂಪ. ಕನ್ನಡದ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳನ್ನು ಮೆಚ್ಚದ ಕನ್ನಡಿಗರುಂಟೇ? ಈ ಸಲ ಪಲ್ಲವಿಯನ್ನು ಬಿಟ್ಟು ಬೇಸನ್ನು ಹಿಂಬಾಲಿಸಿ ನೋಡಿ. ಹಾಡಿನ ಕೆಳಗೆ ಇನ್ನೊಂದು ಹಾಡು ಹರಿಯುತ್ತಿರುವುದು ಕೇಳಿಸುತ್ತದೆ. ಇಂದು ಮುಂಬಯಿಯ ಮೋಹಿನಿ ಡೇ ಎಂಬ ತರುಣಿ ಬೇಸ್ ಹಿಡಿದು ದೇಶವಿದೇಶಗಳ ಘಟಾನುಘಟಿಗಳ ಜೊತೆ ನುಡಿಸುತ್ತಿದ್ದಾರೆ.

ಇಷ್ಟು ವರ್ಷ ಇದು ನಮ್ಮ ಗಮನಕ್ಕೆ ಬಾರದಿದ್ದುದಕ್ಕೆ ಒಂದು ಭೌತಿಕ ಕಾರಣವೂ ಇದೆ. ಅಂಗೈಯಗಲದ ಟ್ರಾನ್ಸಿಸ್ಟರಿನ ಸ್ಪೀಕರಿಗೆ 41 ಕಂಪನಗಳ ನಾದವನ್ನು ಹೊರಡಿಸುವ ಶಕ್ತಿಯೇ ಇರಲಿಲ್ಲ. ಇಂದಿನ ಮೊಬೈಲ್ ಫೋನಿನ ಸ್ಪೀಕರಿಗೂ ಇಲ್ಲ. ಅದರ ಮೇಲಿನ ಅನುಸ್ವರಗಳು ಮಾತ್ರ ಬರುತ್ತವೆ. ಅವುಗಳಿಂದಲೇ ಮೂಲನಾದವನ್ನು ನಮ್ಮ ಮಿದುಳು ಊಹಿಸಿಕೊಳ್ಳುತ್ತದೆ. ಇಲ್ಲದ್ದನ್ನು ಕೇಳಿಸಿಕೊಳ್ಳುವಷ್ಟು ಜಾಣತನ ನಮ್ಮ ಕಿವಿಗಿದೆ. ಇದ್ದವರನ್ನು ಗುರುತಿಸುವ ಸೌಜನ್ಯ ನಮಗೆ ಬರಬೇಕಾಗಿದೆ.

ಜೇಮರ್ಸನ್ನರಿಗೆ ಮನ್ನಣೆ ಬಂದದ್ದು ಸತ್ತ ಮೇಲೆ. ಅವರ ಬಗೆಗೆ 1989ರಲ್ಲಿ ಪುಸ್ತಕ, 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪುರಸ್ಕಾರ, 2002ರಲ್ಲಿ ಇಡೀ ವಾದ್ಯವೃಂದದ ಮೇಲೊಂದು ಚಲನಚಿತ್ರ. ಕೆರೋಲ್ ಕೇ ಅವರಿಗೆ ಅದೇ ಪುರಸ್ಕಾರ 2025ರಲ್ಲಿ ಪ್ರಕಟವಾದಾಗ ಅವರು ಬೇಡವೆಂದರು. 1960ರ ದಶಕದಲ್ಲಿ ಸ್ಟುಡಿಯೋ ವಾದಕರು ಮಾಡಿದ ಕೆಲಸವನ್ನು ಆ ಸಮಾರಂಭ ಪ್ರತಿಬಿಂಬಿಸುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ತೊಂಬತ್ತರ ಮುದುಕಿ ಆಡಿದ ಈ ಮಾತಿನಲ್ಲಿ ಕಹಿಗಿಂತ ವಿವೇಕವೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ನಮ್ಮ ಶಾಸ್ತ್ರೀಯ ಕಚೇರಿಯ ಆಹ್ವಾನಪತ್ರಿಕೆಯಲ್ಲಿ ಪಿಟೀಲು, ಮೃದಂಗ, ಘಟದವರ ಹೆಸರು ತಪ್ಪದೆ ಇರುತ್ತದೆ. ಇದು ನಮ್ಮ ಹಿರಿಯರು ಹಾಕಿಕೊಟ್ಟ ಒಳ್ಳೆಯ ಪದ್ಧತಿ. ಅದೇ ನಾವು ರಾಜ್ಯೋತ್ಸವದ ಸುಗಮ ಸಂಗೀತಕ್ಕೆ, ಚಿತ್ರಗೀತೆಗಳ ಸಂಜೆಗೆ ಬಂದಾಗ 'ಮತ್ತು ವೃಂದ' ಎಂಬ ಎರಡು ಪದಗಳಲ್ಲಿ ಆರೇಳು ಜನರನ್ನು ಮುಗಿಸಿಬಿಡುತ್ತೇವೆ. ಆ ಆರೇಳು ಜನ ಈ ಊರಿನವರೇ, ಹಲವರು ಕನ್ನಡ ಬಾರದೆಯೂ ನಮ್ಮ ಭಾವಗೀತೆಗೆ ಶ್ರುತಿ ಕೂಡಿಸುವವರು. ಮುಂದಿನ ಕಾರ್ಯಕ್ರಮದ ಪತ್ರಿಕೆಯಲ್ಲಿ ನಾಲ್ಕು ಸಾಲು ಹೆಚ್ಚಿಗೆ ಅಚ್ಚು ಹಾಕಿಸಿದರೆ ಸಂಘಕ್ಕೆ ಹೊರೆಯಾಗಲಾರದು. ತಬಲದವರು, ಕೀಬೋರ್ಡಿನವರು, ಮೂಲೆಯಲ್ಲಿ ನಾಲ್ಕು ತಂತಿಯ ಗಿಟಾರು ಹಿಡಿದು ನಿಂತವರು ಎಲ್ಲರ ಹೆಸರೂ ಅದರಲ್ಲಿರಲಿ. ಕಾರ್ಯದರ್ಶಿಗಳು ದಯವಿಟ್ಟು ಗಮನಿಸಬೇಕು.